ಗುಂಡಿ ಗೊತ್ತಾಗದ ಗಾಡಿ

ಕಳೆದ ವಾರ ದೊಡ್ಡಬಳ್ಳಾಪುರದ ಮೆಕ್ಯಾನಿಕ್ ನನ್ನ ಸ್ಕೂಟರಿನ ಹ್ಯಾಂಡಲ್ಲನ್ನು ಎರಡೂ ಕೈಯಿಂದ ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಒತ್ತಿದರೆ ಕೆಳಗೆ ಹೋಯಿತು, ಬಿಟ್ಟರೆ ಮೇಲಕ್ಕೆ ಬರಲಿಲ್ಲ. "ಶಾಕ್ ಹೋಗ್ಬಿಟ್ಟಿದೆ ಸಾರ್, ಆಯಿಲ್ ಎಲ್ಲಾ ಲೀಕು" ಎಂದು ಬೆರಳನ್ನು ನನ್ನ ಮೂಗಿನ ಹತ್ತಿರ ಹಿಡಿದ. ಎಣ್ಣೆಯೂ ಧೂಳೂ ಸೇರಿ ಹಳಸಿದ ವಾಸನೆ. "ಇಷ್ಟು ವರ್ಷ ಓಡ್ಸಿದೀರ, ಸಾಕು ಬಿಡಿ. ಎಕ್ಸ್‌ಚೇಂಜಿಗೆ ಹಾಕಿ. ಈಗ ಬರೋ ಗಾಡೀಲಿ ಗುಂಡಿ ಬಂದದ್ದೇ ಗೊತ್ತಾಗಲ್ಲ."

ಆ ಮಾತನ್ನು ನಾನು ಹಿಂದೊಮ್ಮೆ ಕೇಳಿದ್ದೆ. ಅಥವಾ ನಾನೇ ಹೇಳಿದ್ದೆ. ಯಾವುದೆಂದು ಈಗ ಖಚಿತವಿಲ್ಲ.

ಖಚಿತವಿಲ್ಲ ಎನ್ನುವುದು ನನ್ನ ಕಸುಬಿನಿಂದ ಬಂದ ಚಾಳಿ. ಅದೇ ಊರಿನ ಕಾಲೇಜೊಂದರಲ್ಲಿ ನಿವೃತ್ತನಾಗುವವರೆಗೆ ಮನಃಶಾಸ್ತ್ರ ಹೇಳಿದೆ. ನೆನಪು ಎಂದರೆ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಬಟ್ಟೆಯಲ್ಲ, ಪ್ರತಿಸಲ ತೆಗೆದಾಗಲೂ ಹೊಸದಾಗಿ ಹೊಲಿದುಕೊಳ್ಳುವ ಬಟ್ಟೆ ಎಂದು ವರ್ಷಕ್ಕೊಂದು ಸಲ ಹುಡುಗರಿಗೆ ಹೇಳಿ, ಕೊನೆಗೆ ಅದನ್ನು ನಾನೇ ನಂಬಿಬಿಟ್ಟೆ. ಆದ್ದರಿಂದ ಮುಂದೆ ಹೇಳುವುದನ್ನು ನೀವು ಎಷ್ಟು ಬೇಕೋ ಅಷ್ಟು ನಂಬಿ. ಅನುಮಾನ ಬಂದ ಕಡೆ ನಾನೇ ನಿಲ್ಲಿಸಿ ಹೇಳುತ್ತೇನೆ.

ಈ ಸ್ಕೂಟರಿಗೆ ಮೊದಲು ನನ್ನ ಬಳಿ ಇನ್ನೊಂದಿತ್ತು. ಎಡಗೈಯಲ್ಲಿ ಗೇರು, ಬಲಗಾಲಲ್ಲಿ ಬ್ರೇಕು, ಎಡಕ್ಕೆ ಮಲಗಿಸಿ ಎಬ್ಬಿಸದೆ ಸ್ಟಾರ್ಟ್ ಆಗದ ತಗಡಿನ ಗಾಡಿ. ಇಂಜಿನ್ನೆಲ್ಲ ಬಲಗಡೆಗೇ ಇದ್ದುದರಿಂದ ಅದಕ್ಕೆ ಹುಟ್ಟಿನಿಂದಲೇ ಬಲಕ್ಕೆ ಎಳೆಯುವ ಸ್ವಭಾವ. ಚಕ್ರಗಳು ಊಟದ ತಟ್ಟೆಯಷ್ಟು. ಟಾರು ರಸ್ತೆಯಲ್ಲಿ ಅದು ಮರ್ಯಾದಸ್ಥ; ಹಳ್ಳಿಯ ದಾರಿಗಿಳಿದರೆ ಮೊಣಕಾಲುದ್ದದ ಗುಂಡಿಯಿರಲಿ, ಗೇಣುದ್ದದ ಗುಂಡಿಗೂ ಮೂಗು ತುರುಕಿ ನಿಲ್ಲುತ್ತಿತ್ತು. ಹಿಂದೆ ಮುಂದೆ ಬೇರೆ ಬೇರೆ ಸೀಟು. ಹಿಂದಿನ ಸೀಟಿನ ಸ್ಪ್ರಿಂಗು ಕೂತವರನ್ನು ಒಮ್ಮೆ ಮೇಲಕ್ಕೆಸೆದು ಮತ್ತೆ ಹಿಡಿಯುತ್ತಿತ್ತು. ಒಮ್ಮೊಮ್ಮೆ ಹಿಡಿಯುತ್ತಿರಲಿಲ್ಲ.

ಆಗ ನಮ್ಮ ಕಡೆ ವಿಮಾನ ನಿಲ್ದಾಣ ಕಟ್ಟುತ್ತಿದ್ದ ಕಾಲ. ವಿಮಾನ ಇನ್ನೂ ಬಂದಿರಲಿಲ್ಲ, ಟಿಪ್ಪರುಗಳು ಬಂದಿದ್ದವು. ಬೆಳಗಿನಿಂದ ಸಂಜೆಯವರೆಗೆ ಜೆಲ್ಲಿ, ಕೆಮ್ಮಣ್ಣು, ಕಲ್ಲುಪುಡಿ ತುಂಬಿಕೊಂಡು ದೇವನಹಳ್ಳಿ ಕಡೆಗೆ ಓಡುವ ಸಾಲು. ಹೆದ್ದಾರಿ ಅಗಲವಾದಷ್ಟೂ ನಮ್ಮೂರ ದಾರಿಗಳು ಆಳವಾದವು. ಆಕಾಶದಲ್ಲಿ ಹೋಗುವವರಿಗೆ ಇಷ್ಟೊಂದು ನೆಲ ಯಾಕೆ ಬೇಕು ಎಂದು ನನ್ನ ಮಾವ ಕೇಳುತ್ತಿದ್ದರು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೂ ದೊಡ್ಡಬಳ್ಳಾಪುರದಿಂದ ಅವರ ಊರು ಮುಟ್ಟುವವರೆಗೂ ಅದರ ಬಗ್ಗೆಯೇ ಮಾತಾಡುತ್ತಿದ್ದೆ.

ಮಾವ ಎಂದರೆ ನನ್ನ ತಾಯಿಯ ತಮ್ಮ, ಮುನಿನಂಜಪ್ಪ. ಸುತ್ತಿನ ಹತ್ತು ಹಳ್ಳಿಗಳಲ್ಲಿ ರೇಷ್ಮೆ ಹುಳು ಸಾಕುವವರಿಗೆಲ್ಲ ಬೇಕಾದವರು. ಹುಳು ನಾಲ್ಕನೇ ಜ್ವರ ಎದ್ದು, ಎಂದರೆ ನಾಲ್ಕನೇ ಸಲ ಪೊರೆ ಕಳಚಿ, ಏಳೆಂಟು ದಿನ ಸಣ್ಣ ಮಳೆಯಂಥ ಸದ್ದು ಮಾಡುತ್ತ ಸೊಪ್ಪು ತಿಂದು, ಒಂದು ದಿನ ಹಣ್ಣಾಗುತ್ತದೆ. ಹಣ್ಣಾದ ಹುಳು ತಿನ್ನುವುದನ್ನು ಬಿಟ್ಟು ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಅದನ್ನು ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಗೆ ಬಿಡಬೇಕು. ಮೊದಲೇ ಬಿಟ್ಟರೆ ಗೂಡು ತೆಳು, ತಡವಾದರೆ ಕಸದ ಮೇಲೇ ನೂಲು ಸುರಿಸಿಬಿಡುತ್ತದೆ. ಆ ಹೊತ್ತು ಯಾವುದು ಎಂದು ಹೇಳುವುದರಲ್ಲಿ ಮಾವ ಎಂದೂ ತಪ್ಪಿದವರಲ್ಲ. "ಮುನಿನಂಜಪ್ಪನ್ನ ಕರೀರಿ" ಎನ್ನುವುದು ಹುಳು ಮನೆಗಳಲ್ಲಿ ದೇವರನ್ನು ನೆನೆಯುವಷ್ಟೇ ಸಹಜವಾಗಿತ್ತು. ಅದಕ್ಕೆ ಅವರು ತೆಗೆದುಕೊಳ್ಳುತ್ತಿದ್ದದ್ದು ಒಂದು ಲೋಟ ಕಾಫಿ, ಮತ್ತು ತಾವು ಹೇಳಿದ್ದು ನಿಜವಾದಾಗ ಊರವರು ಆಡುವ ಮಾತು. ಆ ಮಾತೇ ಅವರ ಊಟ.

ಮೊದಲು ಸೈಕಲ್ಲಿನಲ್ಲಿ ಓಡಾಡುತ್ತಿದ್ದರು. ಒಂದು ದಿನ ಸೈಕಲ್ಲನ್ನು ಗೋಡೆಗೆ ಒರಗಿಸಿ "ಮಂಡಿ ನೋವು ಕಣಪ್ಪ" ಅಂದರು. ಅಂದಿನಿಂದ ಭಾನುವಾರದ ಬೆಳಿಗ್ಗೆಗಳಲ್ಲಿ, ರಜೆಗಳಲ್ಲಿ, ಅವರನ್ನು ಹುಳು ಮನೆಗಳಿಗೆ ಕರೆದೊಯ್ಯುವ ಕೆಲಸ ನನ್ನದಾಯಿತು. ಅವರ ಊರಿನಲ್ಲೇ ಬೈಕು ಇದ್ದ ಹುಡುಗರು ಬೇಕಾದಷ್ಟು ಮಂದಿ ಇದ್ದರು. ಆದರೂ ನನ್ನ ತಗಡಿನ ಗಾಡಿಯೇ ಬೇಕು ಎನ್ನುತ್ತಿದ್ದರು. ಓದಿದ ಅಳಿಯನ ಜೊತೆ ನಾಲ್ಕು ಮಾತಾಡುವ ಆಸೆ ಎಂದು ನಾನು ತಿಳಿದಿದ್ದೆ.

ದಾರಿಯ ಗುಂಡಿಗಳಿಗೆಲ್ಲ ಮಾವ ಹೆಸರಿಟ್ಟಿದ್ದರು. ಗೋಮಾಳದ ಹತ್ತಿರ ಒಂದರ ಹಿಂದೊಂದು ಬರುವುದು ಜೋಡಿ ಗುಂಡಿ. ಪಂಚಾಯ್ತಿ ಚೇರ್ಮನ್ನರ ಮನೆ ಮುಂದೆ, ಅವರು ಗೆದ್ದ ವರ್ಷ ಹುಟ್ಟಿ ಅವರ ಜೊತೆಗೇ ಬೆಳೆದದ್ದು ಚೇರ್ಮನ್ ಗುಂಡಿ. ರತ್ನಮ್ಮ ಎಂಬ ಹುಳು ಸಾಕುವ ಹೆಂಗಸಿನ ಮನೆಗೆ ಹತ್ತು ಮಾರು ಮೊದಲು ಬರುವುದು ರತ್ನಮ್ಮನ ಗುಂಡಿ. ಜೋಡಿ ಗುಂಡಿಯಲ್ಲಿ ಎರಡು ಸಲ ನಮ್ಮ ಬೆನ್ನು ಮುರಿಯುತ್ತಿದ್ದಂತೆ ಮಾವ ಭುಜ ತಟ್ಟುತ್ತಿದ್ದರು.

"ಇನ್ನೇನು ಚೇರ್ಮನ್ನು ಬಂದ್ರು. ಎಡಕ್ಕೆ ಎಳ್ಕೊ."

"ನನಗೇ ಕಾಣ್ತಿಲ್ಲ, ನಿಮಗೆ ಹೆಂಗೆ ಕಾಣ್ತು ಮಾವ?"

"ನೀನು ಮಾತಾಡ್ಕೊಂಡು ಗಾಡಿ ಓಡಿಸ್ತೀಯ. ನಾನು ಸುಮ್ಕೆ ಕೂತ್ಕೊಂಡಿರ್ತೀನಿ."

ಎಡಕ್ಕೆ ಎಳೆದರೆ ನಿಜಕ್ಕೂ ಬಲಗಡೆ ಚೇರ್ಮನ್ ಗುಂಡಿ ಬಾಯಿ ತೆರೆದು ಮಲಗಿರುತ್ತಿತ್ತು. ಕಾಲೇಜಿನಲ್ಲಿ ಗ್ರಹಿಕೆಯ ಪಾಠ ಬಂದಾಗ, ಅನಕ್ಷರಸ್ಥರಾದ ನಮ್ಮ ಮಾವನ ಕಣ್ಣು ಎಷ್ಟು ಚುರುಕು ನೋಡಿ ಎಂದು ಉದಾಹರಣೆ ಕೊಡುತ್ತಿದ್ದೆ. ಹುಡುಗರು ಅದನ್ನು ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಯಾರಾದರೂ ಬರೆದರೋ ಏನೋ.

ಗಾಡಿ ಬದಲಾಯಿಸಬೇಕು ಎನಿಸಿದ್ದು ನನ್ನ ಬೆನ್ನಿಗಾಗಿ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆದುಬಿಡುತ್ತೇನೆ, ಏಕೆಂದರೆ ಇದೊಂದರಲ್ಲಿ ನನ್ನ ನೆನಪಿಗೆ ಯಾವ ಅನುಮಾನವೂ ಇಲ್ಲ. ಸೊಂಟದ ಮೂಳೆ ಹಿಡಿದುಕೊಂಡು ಮೂರು ದಿನ ಮಲಗಿದ್ದೆ. ಎದ್ದವನೇ ಹೊಸ ಸ್ಕೂಟರಿನ ಹುಡುಕಾಟಕ್ಕಿಳಿದೆ. ಓದಿದವರು ಸಾಮಾನು ಕೊಳ್ಳುವುದು ಒಂದು ರೋಗ. ಯಾವುದರ ಮುಂದಿನ ಚಕ್ರ ದೊಡ್ಡದು, ಯಾವುದರ ಶಾಕ್ ಅಬ್ಸಾರ್ಬರ್ ಬೈಕಿನಂತೆ ಕೊಳವೆಯೊಳಗೆ ಇಳಿಯುತ್ತದೆ, ನೆಲಕ್ಕೂ ಹೊಟ್ಟೆಗೂ ಎಷ್ಟು ಅಂತರ ಎಂದು ಗೆರೆ ಹಾಕಿ ಪಟ್ಟಿ ಮಾಡಿದೆ. ಶೋರೂಮಿನ ಹುಡುಗ ಮುಂದಿನ ಟಾರು ರಸ್ತೆಯಲ್ಲಿ ಒಂದು ಸುತ್ತು ಹೊಡೆಯಿರಿ ಎಂದರೆ, ಬಾಶೆಟ್ಟಿಹಳ್ಳಿ ಆಚೆ ಫ್ಯಾಕ್ಟರಿ ಲಾರಿಗಳು ಉತ್ತುಹಾಕಿದ ಮಣ್ಣುದಾರಿಯಲ್ಲೇ ನೋಡಬೇಕು ಎಂದು ಹಟ ಹಿಡಿದೆ. ಅವನು ಹಿಂದೆ ಕೂತು ಬಂದ. ಒಂದು ಹಳ್ಳ ದಾಟಿದೆವು. ಹ್ಯಾಂಡಲ್ಲು ನಡುಗಲಿಲ್ಲ, ಬೆನ್ನು ಬೈಯಲಿಲ್ಲ. ನೀರಿನ ಮೇಲೆ ಎಲೆ ಹೋದಂತೆ ಹೋಯಿತು. ಗೇರಿಲ್ಲ, ಮಲಗಿಸಿ ಎಬ್ಬಿಸುವ ಗೋಜಿಲ್ಲ. ಆ ಖುಷಿಯನ್ನು ಮಾತ್ರ ಇವತ್ತಿಗೂ ಅಲ್ಲಗಳೆಯಲಾರೆ.

ಹೊಸ ಗಾಡಿಯಲ್ಲಿ ಮಾವನನ್ನು ಮೊದಲ ಸಲ ಕರೆದೊಯ್ದ ಭಾನುವಾರ ನಾವು ರತ್ನಮ್ಮನ ಮನೆಗೆ ಹೋಗಬೇಕಿತ್ತು. ಅವಳ ಹುಳು ಹಣ್ಣಾಗುವ ದಿನ ಹತ್ತಿರ ಬಂದಿತ್ತು. ಗೋಮಾಳ ಬಂತು, ಹೋಯಿತು. ಮಾವ ಎಂದಿನಂತೆ ಭುಜ ತಟ್ಟಿ ಹೇಳಲಿಲ್ಲ. ಎರಡೂ ಕೈಯಿಂದ ನನ್ನ ಭುಜ ಹಿಡಿದುಕೊಂಡಿದ್ದರು.

"ಎಲ್ಲಿದೀವೋ?"

"ಇನ್ನೇನು ಬಂತು ಮಾವ."

"ಚೇರ್ಮನ್ ಗುಂಡಿ ಬಂತಾ?"

"ಆಗಲೇ ದಾಟಾಯ್ತಲ್ಲ! ಗೊತ್ತೇ ಆಗಲಿಲ್ಲ ಅಲ್ವಾ?"

ನಾನು ಮೆಚ್ಚುಗೆಗಾಗಿ ಕಾದೆ.

"ಹೂಂ," ಅಂದರು ಮಾವ. "ಗೊತ್ತೇ ಆಗ್ಲಿಲ್ಲ."

ರತ್ನಮ್ಮನ ಮನೆ ಮುಂದೆ ಇಟ್ಟಿಗೆ ಇಳಿಸುವ ಟ್ರ್ಯಾಕ್ಟರು ಅಡ್ಡ ನಿಂತಿತ್ತು. ಅದಕ್ಕೆ ಒಂದು ಮನೆ ಈಚೆಗೇ ಗಾಡಿ ನಿಲ್ಲಿಸಿದೆ. ಮಾವ ಇಳಿದರು. ನಾನು ಸ್ಟ್ಯಾಂಡು ಹಾಕಿ ಹೊಸ ಗಾಡಿಯ ಮೇಲಿನ ಧೂಳು ಒರೆಸುತ್ತಿರುವಾಗ, ಅವರು ಚಪ್ಪಲಿ ಬಿಟ್ಟು, ನೇರ ಎದುರಿದ್ದ ಬಾಗಿಲೊಳಗೆ ಹೋದರು. ಅದು ರತ್ನಮ್ಮನ ಮನೆಯಲ್ಲ, ಭೈರೇಗೌಡರದು. ಚರಂಡಿ ನೀರಿನ ವಿಷಯಕ್ಕೆ ಎರಡು ಮನೆಯವರಿಗೂ ಮಾತಿಲ್ಲ. ಅಷ್ಟೇ ಆಗಿದ್ದರೆ ಹೇಗೋ ಸರಿಹೋಗುತ್ತಿತ್ತು. ಅವತ್ತು ಅಲ್ಲಿ ಭೈರೇಗೌಡರ ಮಗಳನ್ನು ನೋಡಲು ಹೊಸಕೋಟೆ ಕಡೆಯಿಂದ ಗಂಡಿನವರು ಬಂದಿದ್ದರು. ನಡುಮನೆಯ ಚಾಪೆಯ ಮೇಲೆ ಹತ್ತು ಹನ್ನೆರಡು ಮಂದಿ ಉಪ್ಪಿಟ್ಟು ತಿನ್ನುತ್ತ ಕೂತಿದ್ದರು. ಗುರುತಿಲ್ಲದ ಮನುಷ್ಯ ಒಳಗೆ ಬಂದು ಮಧ್ಯೆ ನಿಂತದ್ದು ಕಂಡು ಎಲ್ಲರೂ ತಿನ್ನುವುದನ್ನು ನಿಲ್ಲಿಸಿದರು.

ಮಾವ ಒಂದು ಕ್ಷಣ ಕಿವಿಗೊಟ್ಟರು. ಆಮೇಲೆ ಜೋರಾಗಿ ಕೇಳಿದರು.

"ಏನಮ್ಮಾ, ಸದ್ದೇ ಇಲ್ಲ? ಎಲ್ಲಾ ಮೇವು ಬಿಟ್ಬಿಟ್ಟವಾ?"

ಗಂಡಿನ ಕಡೆಯ ಒಬ್ಬರು ತಟ್ಟೆ ಕೆಳಗಿಟ್ಟರು. "ಯಾರ್ರೀ ಇವ್ರು? ಯಜಮಾನ್ರು ಬೆಳಿಗ್ಗೆನೇ ಹಾಕ್ಕೊಂಡವ್ರಾ?" ಅಂದರು. ಯಾರೋ ಕಿಸಕ್ಕೆಂದರು. ಭೈರೇಗೌಡರ ಮುಖ ಕೆಂಪಗಾಯಿತು. ನಾನು ಬಾಗಿಲಿಗೆ ಓಡಿದೆ. ಕಾಲೇಜಿನ ಮೇಷ್ಟ್ರು, ಇಸ್ತ್ರಿ ಷರ್ಟು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆಗ ನಾನು ಮಾವನಿಗೆ ಒಂದು ಮಾತು ಹೇಳಿದೆ.

ಆ ಮಾತು ಇಂಥದ್ದೇ ಎಂದು ಈಗ ಹೇಳಲಾರೆ. "ನೋಡ್ಕೊಂಡು ಹೋಗಬಾರದಾ ಮಾವ" ಎಂದಿರಬಹುದು. "ಕಣ್ಣು ಕಾಣಲ್ವಾ ನಿಮಗೆ" ಎಂದಿರಬಹುದು. ಒಂದೊಂದು ವರ್ಷ ಒಂದೊಂದು ನಿಜವೆನಿಸುತ್ತದೆ. ಮೃದುವಾದದ್ದು ನೆನಪಾದ ದಿನ, ಅದು ನಾನು ಆಮೇಲೆ ಹೊಲಿದುಕೊಂಡದ್ದು ಎಂಬ ಅನುಮಾನ. ಕಟುವಾದದ್ದು ನೆನಪಾದ ದಿನ, ನನ್ನನ್ನು ನಾನೇ ಶಿಕ್ಷಿಸಿಕೊಳ್ಳಲು ಹೊಲಿದುಕೊಂಡದ್ದು ಎಂಬ ಅನುಮಾನ. ಮಾವನ ಉತ್ತರ ಮಾತ್ರ ಬದಲಾಗಿಲ್ಲ.

"ಕಾಣ್ಲಿಲ್ಲ ಕಣಪ್ಪ," ಅಂದರು, ನಗುತ್ತ.

ಎಲ್ಲರೂ ನಕ್ಕರು. ಭೈರೇಗೌಡರೂ ನಕ್ಕರು. ನನಗೂ ಹಗುರವಾಯಿತು.

ಅಲ್ಲಿಂದ ಪಕ್ಕದ ರತ್ನಮ್ಮನ ಮನೆಗೆ ಹೋದೆವು. ಮಾವ ಹುಳುವಿನ ತಟ್ಟೆಯ ಮೇಲೆ ಅಂಗೈ ಆಡಿಸಿ, ಒಂದು ಹುಳುವನ್ನು ಎರಡು ಬೆರಳ ನಡುವೆ ಮೆಲ್ಲಗೆ ಹಿಡಿದು, ಬಿಟ್ಟು, "ನಾಳೆ ಬೆಳಕು ಹರಿಯೋ ಹೊತ್ತಿಗೆ" ಅಂದರು. ಮರುದಿನ ಹಾಗೇ ಆಯಿತು ಎಂದು ಕೇಳಿದೆ. ಇಷ್ಟು ಕರಾರುವಾಕ್ಕಾಗಿ ಹೇಳುವ ಮನುಷ್ಯನಿಗೆ ಪಕ್ಕದ ಮನೆ ಗೊತ್ತಾಗಲಿಲ್ಲವೆಂದರೆ ಅದು ಮರೆವು, ವಯಸ್ಸಿನದು ಎಂದು ತೀರ್ಮಾನಿಸಿದೆ. ಎಲ್ಲರೂ ಮಾಡುವಂತೆ ಅವರು ಹುಳುವನ್ನು ಬೆಳಕಿಗೆ ಹಿಡಿದು ನೋಡಲಿಲ್ಲ ಎನ್ನುವುದನ್ನು ನೋಡಿದ್ದೆ. ಖಂಡಿತ ನೋಡಿದ್ದೆ. ನೋಡಿದ್ದನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ.

ಮುಂದಿನ ಭಾನುವಾರ ಹೋದಾಗ ಮಾವ ಹೊರಡಲಿಲ್ಲ. "ನಿನ್ನ ಗಾಡಿ ಭಾಳ ನಯವಾಗಿ ಹೋಗುತ್ತೆ ಕಣಪ್ಪ. ತೂಕಡಿಕೆ ಬರುತ್ತೆ. ನೀನು ಹೋಗು" ಅಂದರು. ಅದರ ಮುಂದಿನ ವಾರವೂ ಅದೇ ಮಾತು. ನನಗೆ ಕೋಪ ಬಂತು. ಇಷ್ಟು ಅಳೆದು ತೂಗಿ ತಂದ ಗಾಡಿಗೆ ಇವರದ್ದೊಂದು ತಕರಾರು, ಮುದುಕರಿಗೆ ಹಳೆಯದೇ ಚಂದ ಎಂದು ಹೆಂಡತಿಯ ಹತ್ತಿರ ಗೊಣಗಿದೆ. ಹೋಗುವುದನ್ನು ಬಿಟ್ಟೆ. ಯುಗಾದಿಗೆ ಹೋಗಲಿಲ್ಲ, ಗೌರಿ ಹಬ್ಬಕ್ಕೆ ಹೋಗಲಿಲ್ಲ. ಹೊಸ ಸ್ಕೂಟರಿನಲ್ಲಿ ಎಲ್ಲೆಲ್ಲಿಗೋ ಸುಖವಾಗಿ ಓಡಾಡಿದೆ.

ಒಟ್ಟು ಎಂಟು ತಿಂಗಳು. ಇದನ್ನು ಬೇಕಾದರೆ ಹಬ್ಬಗಳ ಲೆಕ್ಕದಲ್ಲಿ ತಾಳೆ ನೋಡಬಹುದು, ನೋಡಿದ್ದೇನೆ.

ಮಾವನ ಹೆಂಡತಿ, ಅತ್ತೆಯಿಂದ ಫೋನು ಬಂತು. ಮಾವ ಅಂಗಳದಲ್ಲೇ ಎತ್ತಿನ ಗಾಡಿಯ ಮೂಕಿಮರಕ್ಕೆ ಹಣೆ ಬಡಿದುಕೊಂಡಿದ್ದರು. ಗಾಯಕ್ಕೆ ಹೊಲಿಗೆ ಹಾಕಿದ ಡಾಕ್ಟರು ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, ಕಣ್ಣಿನ ದೊಡ್ಡಾಸ್ಪತ್ರೆಗೆ ಹೋಗಿ ಎಂದರು. ಅಲ್ಲಿನ ಡಾಕ್ಟರಮ್ಮ ವಯಸ್ಸಿನಲ್ಲಿ ನನ್ನ ವಿದ್ಯಾರ್ಥಿನಿಯಂತಿದ್ದರು. "ಇದು ಪೊರೆ ಅಲ್ಲ. ಒತ್ತಡ ಜಾಸ್ತಿಯಾಗಿ ಒಳಗಿನ ನರ ಒಣಗಿದೆ. ಹೋದದ್ದು ವಾಪಸ್ ಬರಲ್ಲ. ಆರೇಳು ತಿಂಗಳ ಮುಂಚೆ ಬಂದಿದ್ರೂ ಉಳಿದಿದ್ದನ್ನ ಕಾಪಾಡಬಹುದಿತ್ತು. ಯಾರೂ ಗಮನಿಸಲಿಲ್ವಾ?" ಎಂದು ನನ್ನನ್ನು ಕೇಳಿದರು.

ಹೊರಗಿನ ಬೆಂಚಿನ ಮೇಲೆ ಅತ್ತೆ ಕೂತಿದ್ದಳು. ನಾನು ತಲೆಯೆತ್ತಲಾರದೆ ಬಂದರೆ, ಅವಳು ನನ್ನ ಕೈ ಹಿಡಿದುಕೊಂಡಳು.

"ನಿಂದೇನು ತಪ್ಪಿಲ್ಲಪ್ಪ. ನೀನಾದ್ರೂ ಗೊತ್ತಿದ್ದು ಅಷ್ಟು ಮಾಡ್ದೆ."

"ಏನು ಗೊತ್ತಿದ್ದು ಅತ್ತೆ?"

"ಇವ್ರು ನಿನಗೆ ಹೇಳಿದ್ರಲ್ಲ, ಕಣ್ಣು ಮಂಜಾಗ್ತಿದೆ ಅಂತ. ಅಳಿಯನಿಗೆ ಹೇಳಿದೀನಿ, ಅವನು ಡಾಕ್ಟ್ರನ್ನ ಕೇಳವ್ನೆ, ಪೊರೆ ಇನ್ನೂ ಬಲೀಬೇಕಂತೆ ಅಂತಿದ್ರು. ನಾನು ಬೈದ್ರೆ, ಹುಳ ಹಣ್ಣಾಗೋ ದಿನ ಹೇಳೋನಿಗೆ ನನ್ನ ಕಣ್ಣು ಹಣ್ಣಾಗೋ ದಿನ ಗೊತ್ತಾಗಲ್ವೇನೇ ಅನ್ನೋರು. ಪಾಪ, ಕುಲುಕಿದ್ರೆ ಮಾವನ ಕಣ್ಣಿಗೆ ತೊಂದ್ರೆ ಆಗುತ್ತೆ ಅಂತ ಹಳೇ ಗಾಡಿ ಮಾರಿ ಒಳ್ಳೇ ಗಾಡಿ ತಂದ್ಯಲ್ಲಪ್ಪ. ಯಾವ ಅಳಿಯ ಮಾಡ್ತಾನೆ?"

ಹೇಳಬೇಕಿದ್ದ ಮಾತು ನನ್ನ ಬಾಯಿಯಲ್ಲೇ ಇತ್ತು. ನನಗೆ ಯಾರೂ ಏನೂ ಹೇಳಿರಲಿಲ್ಲ. ನಾನು ಯಾವ ಡಾಕ್ಟರನ್ನೂ ಕೇಳಿರಲಿಲ್ಲ. ಗಾಡಿ ತಂದದ್ದು ನನ್ನ ಸೊಂಟಕ್ಕೆ. ಆದರೆ ಅವಳು ಕೈ ಹಿಡಿದಿದ್ದಳು, ಅಳುತ್ತಿದ್ದಳು. ಈಗ ಬೇಡ ಎಂದುಕೊಂಡೆ. ಆಮೇಲೆ ಹೇಳಿದರಾಯಿತು ಎಂದುಕೊಂಡೆ.

ಆಮೇಲೆ ಎನ್ನುವುದು ಬರಲಿಲ್ಲ. ಮದುವೆ ಮನೆಗಳಲ್ಲಿ, ನಾಮಕರಣಗಳಲ್ಲಿ ಅತ್ತೆ ಆ ಕಥೆ ಹೇಳುತ್ತ ಹೋದಳು. ನೆಲಮಂಗಲದಲ್ಲಿ ನನಗೆ ಗುರುತೇ ಇಲ್ಲದ ಬೀಗರೊಬ್ಬರು ಊಟದ ಪಂಕ್ತಿಯಲ್ಲಿ ಭುಜ ತಟ್ಟಿ, "ಮಾವನಿಗೋಸ್ಕರ ಸ್ಕೂಟರ್ ಬದಲಾಯಿಸಿದ ಮೇಷ್ಟ್ರು ನೀವೇನಾ ಗುರುಗಳೇ?" ಎಂದರು. ಎಲೆಯ ಮೇಲಿನ ಪಾಯಸ ನೋಡುತ್ತ ತಲೆ ಅಲ್ಲಾಡಿಸಿದೆ. ಇನ್ನೂ ಹೇಳಬೇಕೆಂದರೆ, ಹಲವು ವರ್ಷ ಕೇಳಿಸಿಕೊಂಡ ಮೇಲೆ ನನಗೇ ಸ್ವಲ್ಪ ನಂಬಿಕೆ ಬರತೊಡಗಿತು. ಗಾಡಿಯ ಪಟ್ಟಿ ಮಾಡುವಾಗ ಹಿಂದಿನ ಸೀಟಿನ ಮೆತ್ತೆಯನ್ನೂ ಒತ್ತಿ ನೋಡಿದ್ದೆನಲ್ಲವೇ? ಮಾವನಿಗಾಗಿಯೇ ಇರಬೇಕು. ನೆನಪು ಹೀಗೇ ಹೊಲಿದುಕೊಳ್ಳುತ್ತದೆ ಎಂದು ಪಾಠ ಹೇಳಿದವನಿಗೆ, ಸೂಜಿ ತನ್ನ ಕೈಯಲ್ಲೇ ಇರುವುದು ಕಾಣಲಿಲ್ಲ.

ಕಳೆದ ವಾರ ಮೆಕ್ಯಾನಿಕ್ಕು ಗುಂಡಿ ಗೊತ್ತಾಗಲ್ಲ ಸಾರ್ ಎಂದಾಗ, ಅವನಿಗೆ ಉತ್ತರ ಕೊಡದೆ ಗಾಡಿಯನ್ನು ಅಲ್ಲೇ ಬಿಟ್ಟು ಬಸ್ ಹತ್ತಿದೆ.

ಮಾವನ ಊರಿಗೆ ಈಗ ಕಾಂಕ್ರೀಟು ರಸ್ತೆ. ತಲೆಯ ಮೇಲೆ ಹದಿನೈದು ನಿಮಿಷಕ್ಕೊಂದು ವಿಮಾನ ಇಳಿಯುತ್ತದೆ. ಮಾವ ಜಗಲಿಯ ಮೇಲೆ ಕೂತಿದ್ದರು. ಹಣೆಯ ಮೇಲೆ ಹಳೆಯ ಹೊಲಿಗೆಯ ಗುರುತು. ನನ್ನ ಹೆಜ್ಜೆ ಕೇಳಿಯೇ "ಏನಪ್ಪಾ ಮೇಷ್ಟ್ರೇ, ಇವತ್ತು ಗಾಡಿ ಇಲ್ವಾ?" ಅಂದರು. ಅತ್ತೆ ಒಳಗೆ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, ಎದೆ ಗಟ್ಟಿ ಮಾಡಿಕೊಂಡು, ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದೆ. ನನಗೆ ಗೊತ್ತಿರಲಿಲ್ಲ ಮಾವ, ಗಾಡಿ ನಿಮಗೋಸ್ಕರ ತಂದದ್ದಲ್ಲ, ಇಷ್ಟು ವರ್ಷ ಸುಮ್ಮನಿದ್ದೆ ಎಂದೆ.

ಮಾವ ಕೇಳಿಸಿಕೊಂಡರು. ಆಶ್ಚರ್ಯಪಡಲಿಲ್ಲ.

"ನಿನಗೆ ಗೊತ್ತಿರ್ಲಿಲ್ಲ ಅಂತ ನನಗೆ ಗೊತ್ತಿಲ್ವೇನೋ? ಗೊತ್ತು ಮಾಡ್ಕೊಳ್ಳೋನಾಗಿದ್ರೆ ನಿನ್ನ ಹಿಂದೆ ಯಾಕೋ ಕೂರ್ತಿದ್ದೆ? ನಮ್ಮೂರ ಹುಡುಗ್ರು ಎರಡೇ ದಿನಕ್ಕೆ ಕಂಡುಹಿಡಿದುಬಿಡೋರು. ಮುನಿನಂಜಪ್ಪನ ಕಣ್ಣು ಹೋಯ್ತು ಅಂತ ಹತ್ತೂರಿಗೆ ಗೊತ್ತಾಗೋದು. ಆಮೇಲೆ ಯಾವನು ಕರೀತಿದ್ದ ನನ್ನ, ಹುಳ ನೋಡೋಕೆ? ನೀನು ನಿನ್ನ ಪಾಡಿಗೆ ಮಾತಾಡ್ಕೊಂಡು ಓಡಿಸ್ತಿದ್ದೆ, ನಾನು ಗುಂಡಿ ಎಣಿಸ್ಕೊಂಡು ಕೂತಿರ್ತಿದ್ದೆ. ಒಳ್ಳೇದಾಗಿತ್ತು."

ಇಷ್ಟು ವರ್ಷ ನಾನು ಅನುಮಾನಿಸದೆ ಬಿಟ್ಟಿದ್ದ ಒಂದೇ ಒಂದು ವಿಷಯ ಅದು: ಮಾವ ನನ್ನನ್ನು ಯಾಕೆ ಆರಿಸಿಕೊಂಡರು ಎನ್ನುವುದು.

"ನಿಮ್ಮತ್ತೆಗೆ ಹೇಳಬೇಡ," ಅಂದರು ಮಾವ. "ಊರಿಗೆಲ್ಲ ಹೇಳ್ಕೊಂಡು ಬಂದವಳೆ."

ನಾನು ಎದ್ದು ಒಳಗೆ ಹೋದೆ. ಅವಳ ಎದುರು ಕೂತೆ. ಹೇಳಿದೆ. ಜಗಲಿಯಲ್ಲಿ ಹೇಳಿದ್ದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳಿದೆ, ಎಂಟು ತಿಂಗಳು ಯಾಕೆ ಬರಲಿಲ್ಲ ಎನ್ನುವುದನ್ನೂ ಸೇರಿಸಿ. ಅವಳ ಬೆರಳು ಕೈಯಲ್ಲಿದ್ದ ಅವರೆಕಾಯಿಯನ್ನು ಬಿಡಿಸಿತು, ಇನ್ನೊಂದನ್ನು ಎತ್ತಿಕೊಳ್ಳಲಿಲ್ಲ. ಆಮೇಲೆ ಕೇಳಿದಳು.

"ಗೊತ್ತಾಗಿದ್ರೆ ಕರ್ಕೊಂಡು ಹೋಗ್ತಿದ್ದೆ ತಾನೆ? ಡಾಕ್ಟ್ರ ಹತ್ರ?"

ನಾನು ಬಾಯಿ ತೆರೆಯುವ ಮೊದಲೇ ಜಗಲಿಯಿಂದ ಮಾವನ ದನಿ ಬಂತು.

"ಹೋಗ್ತಿದ್ದ ಕಣೇ. ಯಾಕೆ ಹೋಗ್ತಿರ್ಲಿಲ್ಲ?"

ಅತ್ತೆ ಆ ಕಡೆ ತಿರುಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು.